ಒಲಿ ಕಟ್ಟಿದವರಿಗೆ ಮೊದಲ ರೊಟ್ಟಿ

ಸರಕಾರದ ಗ್ರಾಂಟು ಎಲ್ಲಿ ಬರುತ್ತದೋ ಅಲ್ಲಿ ನಗುವ ಪ್ರಸಂಗಗಳು ತಾವಾಗಿಯೇ ಬರುತ್ತವೆ, ಅವಕ್ಕೆ ಬೇರೆ ಅರ್ಜಿ ಹಾಕಬೇಕಾಗಿಲ್ಲ. ಅಳುವ ಪ್ರಸಂಗಗಳೂ ಅವುಗಳ ಸೆರಗು ಹಿಡಿದುಕೊಂಡೇ ಬರುತ್ತವೆ. ಆಫೀಸಿನಲ್ಲಿ ನಾವು ಮೊದಲಿನವನ್ನು ಚಹಾದ ಹೊತ್ತಿಗೆ ಹೇಳಿಕೊಂಡು ನಗುತ್ತೇವೆ, ಎರಡನೆಯವನ್ನು ಮನೆಗೆ ಒಯ್ಯುತ್ತೇವೆ. ನಾನು ಇಷ್ಟು ವರ್ಷ ಹಾಗೆ ಒಯ್ದಿಟ್ಟುಕೊಂಡದ್ದನ್ನೂ ಸೇರಿಸಿ ಇವತ್ತು ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ನಡುಭಾಗ. ಸೊಲ್ಲಾಪುರದಲ್ಲಿ ರಾಕೇಲ, ಅಂದರೆ ಸೀಮೆಎಣ್ಣೆ, ಸಿಗದೆ ಹೆಂಗಸರು ಡಬ್ಬಿ ಹಿಡಿದು ಬೆಳಗಿನಿಂದ ಪಾಳಿ ನಿಲ್ಲುತ್ತಿದ್ದ ಕಾಲ. ಆಗ ಮೇಲಿನವರಿಗೆ ಒಮ್ಮೆಲೇ ಕಟ್ಟಿಗೆಯ ಒಲೆ ನೆನಪಾಯಿತು. ಕಡಿಮೆ ಕಟ್ಟಿಗೆಯಲ್ಲಿ ಅಡುಗೆ ಆಗಬೇಕು, ಹೊಗೆ ಮನೆಯೊಳಗೆ ನಿಲ್ಲದೆ ಕೊಳವೆಯಿಂದ ಹೊರಗೆ ಹೋಗಬೇಕು, ಅಂಥ ಒಲೆಯನ್ನು ಮನೆಮನೆಗೆ ಕಟ್ಟಿಕೊಡುವ ಗೌಂಡಿಗಳನ್ನು ತಯಾರು ಮಾಡಬೇಕು ಎಂದು ನಮ್ಮ ಸಂಸ್ಥೆಗೆ ಅನುದಾನ ಬಂತು. ಮರಾಠಿ ಕಾಗದದಲ್ಲಿ ಅದರ ಹೆಸರು ‘ನಿರ್ಧೂರ ಚೂಲ’, ಅಂದರೆ ಹೊಗೆಯಿಲ್ಲದ ಒಲೆ. ನಮ್ಮ ಕಡೆಯ ಹೆಂಗಸರು ಅದನ್ನು ‘ಗ್ರಾಂಟಿನ ಒಲಿ’ ಅಂದರು. ಅದೇ ನಿಂತಿತು.

ನಾನು ಸಂಸ್ಥೆಯ ಕಾರಕೂನ. ಒಲೆ ಕಟ್ಟುವುದು ಹೋಗಲಿ, ಹಚ್ಚುವುದೂ ನನಗೆ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ತರಬೇತಿಯ ಮೇಲ್ವಿಚಾರಣೆಗೆ ನನ್ನನ್ನೇ ಹಾಕಿದರು.

ಕಲಿಸಲಿಕ್ಕೆ ಅಕ್ಕಲಕೋಟದಿಂದ ಒಬ್ಬ ಮಿಸ್ತ್ರಿಯವರು ಬಂದರು. ಬಡಕಲು ಮೈ, ದೊಡ್ಡ ದನಿ, ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದಳು. ಇದ್ದೊಬ್ಬ ಮಗಳನ್ನು ಚಪಳಗಾಂವಕ್ಕೆ ಕೊಟ್ಟಿದ್ದರು. ಮೊದಲ ದಿನವೇ ನನಗೆ ನೇರವಾಗಿ ಹೇಳಿಬಿಟ್ಟರು: “ಕಾರಕೂನ ಸಾಹೇಬ್ರ, ನನ್ನ ಮಗಳೂ ಅವರವ್ವನಂಗ ಕೆಮ್ಮಾಕ ಸುರು ಮಾಡ್ಯಾಳ. ಅಕಿ ಮನ್ಯಾಗ ಇಂಥಾದೊಂದ ಒಲಿ ಕಟ್ಟಬೇಕಾಗ್ಯದ. ಅದಕ್ಕ ಬಂದೀನಿ. ನಿಮ್ಮ ಗ್ರಾಂಟಿನ ಸಲುವಾಗಿ ಅಲ್ಲ.”

ಅವರು ಹೋಗಿ ಬಹಳ ವರ್ಷಗಳಾದವು. ಅವರ ಮಣ್ಣಿಗೆ ಹೋದವರಲ್ಲಿ ನಾನೂ ಒಬ್ಬ. ಇದೆಲ್ಲ ಕೇಳಿದ್ದರೆ “ಅದೇನ ನಗೂ ಮಾತೇನ್ರಿ?” ಎಂದು ಬೈಯುತ್ತಿದ್ದರು, ಬೈದು ಆಮೇಲೆ ತಾವೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು.

ಕಲಶ

ತರಬೇತಿಗೆ ಗೌಂಡಿಗಳನ್ನೇ ತೆಗೆದುಕೊಳ್ಳಬೇಕೆಂಬುದು ಅನುದಾನದ ಷರತ್ತು. ಮಧ್ಯಾಹ್ನದ ಊಟ ಸಂಸ್ಥೆಯದೇ ಎಂಬ ಸುದ್ದಿ ಹಬ್ಬಿದ ಕೂಡಲೆ ಸೊಲ್ಲಾಪುರದಲ್ಲಿ ಯಾರು ನೋಡಿದರೂ ಗೌಂಡಿಯೇ. ನಿಜವಾದ ಗೌಂಡಿಗಳು ಇಬ್ಬರೋ ಮೂವರೋ ಇದ್ದರು. ಉಳಿದವರಲ್ಲಿ ಒಬ್ಬ ಟಾಂಗಾ ಹೊಡೆಯುವವ, ಒಬ್ಬ ಲಗ್ನದ ಬ್ಯಾಂಡಿನಲ್ಲಿ ಪೀಪಿ ಊದುವವ, ಇನ್ನೊಬ್ಬ ಬಟ್ಟೆ ಗಿರಣಿಯ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದವ. ಈ ಗಿರಣಿಯವ ಆನೆಯಂಥ ಮನುಷ್ಯ, ಮಗುವಿನಂಥ ಮನಸ್ಸು, ದೇವರೆಂದರೆ ಬಹಳ ಭಕ್ತಿ. ಇವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಉದ್ಘಾಟನೆಗೆ ಒಬ್ಬ ಪುಢಾರಿಯನ್ನು ಕರೆದೆವು. ಸಂಸ್ಥೆಯ ಹಾಲಿನಲ್ಲೇ ಮಿಸ್ತ್ರಿಯವರು ಒಂದು ಮಾದರಿ ಒಲೆ ಕಟ್ಟಿ, ಕೊಳವೆಯನ್ನು ಮಾಳಿಗೆಯ ಮೇಲೆ ಹಾಯಿಸಿದ್ದರು. ಪುಢಾರಿಗಳು ಬಂದರು, ಹಾರ ಹಾಕಿಸಿಕೊಂಡರು, ಕಡ್ಡಿ ಕೊರೆದು ಒಲೆ ಹಚ್ಚಿ ಭಾಷಣಕ್ಕೆ ನಿಂತರು. ಎರಡು ಮಾತು ಆಡುವುದರೊಳಗೆ ಒಲೆಯ ಬಾಯಿಂದ ಹೊಗೆ ಭುಸುಗುಟ್ಟಿ ಬಂತು. ಹಾಲ್ ತುಂಬಿತು. ಪುಢಾರಿಗಳು ಮಾತ್ರ ಬಿಡಲಿಲ್ಲ. “ನಮ್ಮ ತಾಯಂದಿರು, ಅಕ್ಕತಂಗಿಯರು ಪಡುವ ಕಷ್ಟ ನೆನೆಸಿಕೊಂಡರೆ ನನ್ನ ಕಣ್ಣು ತುಂಬಿ ಬರುತ್ತವೆ” ಅಂದರು. ನಿಜವಾಗಿಯೂ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಸಭಿಕರ ಕಣ್ಣಲ್ಲೂ ನೀರು. ಇಷ್ಟು ಪರಿಣಾಮಕಾರಿಯಾದ ಭಾಷಣ ತಾವು ಎಂದೂ ಮಾಡಿರಲಿಲ್ಲವೆಂದು ಅವರಿಗೆ ಹುರುಪು ಬಂದು ಮತ್ತಷ್ಟು ಬೆಳೆಸಿದರು. ಜನ ಕಣ್ಣು ಒರೆಸಿಕೊಳ್ಳುತ್ತಲೇ ಚಪ್ಪಾಳೆ ಹೊಡೆದರು.

ಮಿಸ್ತ್ರಿಯವರು ಮಾಳಿಗೆಗೆ ಓಡಿದರು. ನೋಡಿದರೆ ಕೊಳವೆಯ ಬಾಯಿಗೆ ಸರಿಯಾಗಿ ಒಂದು ತಾಮ್ರದ ತಂಬಿಗೆ, ಅದರ ಮೇಲೆ ಮಾವಿನೆಲೆ, ತೆಂಗಿನಕಾಯಿ, ಕುಂಕುಮ. ನಮ್ಮ ಗಿರಣಿಯವ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಕಲಶ ಇಟ್ಟು ಕೈಮುಗಿದು ಬಂದಿದ್ದ. “ಗುಡಿ ಕಟ್ಟಿದ ಮ್ಯಾಲ ಶಿಖರಕ್ಕ ಕಳಸ ಇಡೂದಿಲ್ಲೇನ್ರಿ?” ಎಂಬುದು ಅವನ ವಾದ.

ಕಾದ ತಂಬಿಗೆಯನ್ನು ಬರಿಗೈಲೇ ಎತ್ತಿ ಮಿಸ್ತ್ರಿಯವರು ಕೆಳಗೆ ಬಂದರು. ಅಂಗಳದಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರು ನಗಲಿಲ್ಲ. “ನನ್ನ ಹೇಣ್ತಿ ಲಗ್ನ ಆಗಿ ಬಂದಾಗಿಂದ ದಿನಾ ಇಂಥಾ ಹೊಗಿಯಾಗ ಕುಂತಾಳ. ಒಬ್ಬರೂ ಚಪ್ಪಾಳಿ ಹೊಡಿಲಿಲ್ಲ” ಅಂದರು. ಆಗ ಗಿರಣಿಯವ ಮೆಲ್ಲಗೆ, “ಮಿಸ್ತ್ರಿ ಮಾಮಾ, ಹಂಗಾದ್ರ ಈ ಕಳಸ ಎಲ್ಲಿ ಇಡ್ಲಿರಿ?” ಎಂದು ಕೇಳಿದ.

“ನಿನ್ನ ತಲಿ ಮ್ಯಾಲ ಇಟ್ಕೋ. ಅಲ್ಲಿಂದ ಅಂತೂ ಏನೂ ಹೊರಗ ಬರೂದಿಲ್ಲ.”

ಅಜ್ಜನ ಷರತ್ತು

ಒಲೆ ಕಟ್ಟಿದೆವು, ಮಣ್ಣು ಆರಿತು, ಸರಿ. ಹಚ್ಚಲಿಕ್ಕೆ ಹೆಂಗಸರು ಒಪ್ಪಬೇಕಲ್ಲ? ಇವತ್ತು ಅಮಾಸಿ, ನಾಳೆ ಮಂಗಳವಾರ, ಮುಂದೆ ಪಿತೃಪಕ್ಷ. ಮುಹೂರ್ತ ಬರುವುದರೊಳಗೆ ಒಲೆಯೊಳಗೆ ಉಳ್ಳಾಗಡ್ಡಿ ಸಂಗ್ರಹ ಆಗುತ್ತಿತ್ತು. ಒಂದು ಮನೆಯಲ್ಲಿ ಬೆಕ್ಕು ಮರಿ ಹಾಕಿ, ಅವು ಕಣ್ಣು ಬಿಡುವತನಕ ಹಚ್ಚುವುದಿಲ್ಲವೆಂದು ಯಜಮಾನಿತಿ ಹಟ ಹಿಡಿದಳು. ಕಡೆಗೊಮ್ಮೆ ಹಚ್ಚಿದಾಗ ಹೊಗೆ ಒಳಗೇ ತಿರುಗಿದರೆ ತಪ್ಪು ಯಾರದು? ಮಿಸ್ತ್ರಿಯವರದು. ಕಟ್ಟಿದವರ ಕಣ್ಣೆದುರಿಗೇ ಒಲೆ ಹಚ್ಚಿದರೆ ಏನು ಕೊರತೆ ಇದೆ ಎಂದು ಅಲ್ಲೇ ತಿದ್ದಬಹುದು. ಅದನ್ನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಒಬ್ಬ ವ್ಯಾಪಾರಸ್ಥರ ಮನೆಯಲ್ಲಿ ಮಿಸ್ತ್ರಿಯವರು ಅಜ್ಜಿಯ ಮುಂದೆ ಗಂಭೀರವಾಗಿ ಕೂತು ಹೇಳಿದರು: “ಅವ್ವಾರ, ಒಲಿ ಕಟ್ಟಿದವ ಅದರ ಮ್ಯಾಲಿನ ಮೊದಲನೇ ರೊಟ್ಟಿ ಉಣಬೇಕು. ಮಣ್ಣ ಆರಿದ ದಿವಸನ ಉಣಬೇಕು. ಇಲ್ಲಾಂದ್ರ ಒಲಿ ಮನಿ ಹಿಡಿಯೂದಿಲ್ಲ.”

“ಹೌದಾ? ನಾ ಕೇಳೇ ಇಲ್ಲಲ್ಲೋ ಯಪ್ಪಾ.”

“ನಮ್ಮಜ್ಜ ಹೇಳತಿದ್ದ.”

ಅಜ್ಜಿ ಆ ಕ್ಷಣವೇ ಸೊಸೆಯನ್ನು ಕರೆದಳು. ಒಲೆ ಹತ್ತಿತು, ರೊಟ್ಟಿ ಬೆಂದಿತು, ಹೊಗೆ ಸರಿಯಾಗಿ ಕೊಳವೆ ಹಿಡಿದು ಹೊರಟಿತು. ಹೊರಗೆ ಬಂದ ಮೇಲೆ ನಾನು ಕೇಳಿದೆ: “ಖರೇನ ಹಂಗೊಂದ ಶಾಸ್ತ್ರ ಅದಯೇನ್ರಿ ಮಿಸ್ತ್ರಿ?”

“ಇವತ್ತಿಂದ ಅದ” ಅಂದರು. “ಸರಕಾರ ಷರತ್ತ ಹಾಕತದ, ಯಾರೂ ಕೇಳೂದಿಲ್ಲ. ಅಜ್ಜ ಹಾಕ್ಯಾನ ಅಂದ್ರ ಎಲ್ಲಾರೂ ಕೇಳತಾರ.”

ಆ ಶಾಸ್ತ್ರ ಗಲ್ಲಿಯಿಂದ ಗಲ್ಲಿಗೆ ಓಡಿತು. ಉಳ್ಳವರ ಮನೆಯಲ್ಲಿ ಒಣ ರೊಟ್ಟಿ ಹೇಗೆ ಕೊಟ್ಟಾರು? ಮೇಲೆ ತುಪ್ಪ, ಪಕ್ಕದಲ್ಲಿ ಶೇಂಗಾ ಚಟ್ನಿ, ಹಬ್ಬವಿದ್ದರೆ ಹೋಳಿಗೆ. ಕಲಿಯುವವರೆಲ್ಲ ಶಾಸ್ತ್ರವನ್ನು ಮನಃಪೂರ್ವಕ ಪಾಲಿಸಿದರು. ಟಾಂಗಾದವ ಒಂದೇ ದಿನ ಮೂರು ಮನೆಯ ಒಲೆ ಹಚ್ಚಿಸಿ, ಮೂರೂ ಕಡೆ ಉಂಡು, ಹೊಟ್ಟೆ ಕೆಟ್ಟು ಡಾಕ್ಟರ ಕಡೆ ಹೋದ. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಏನು ಉದ್ಯೋಗ ಮಾಡುತ್ತೀ ಎಂದು ಕೇಳಿದರು.

“ಒಲಿ ಕಟ್ಟತೀನ್ರಿ.”

“ಕಟ್ಟತೀಯೋ, ನುಂಗತೀಯೋ?”

ಅತ್ತೆಯ ತಕರಾರು

ಅದೇ ವ್ಯಾಪಾರಸ್ಥರ ಅಜ್ಜಿ ಒಂದು ತಿಂಗಳಿಗೆ ನಮ್ಮ ಆಫೀಸಿಗೇ ಬಂದಳು. ಬಂದವಳೇ ಒಲೆ ಕಿತ್ತು ಹಾಕಿರಿ ಅಂದಳು.

“ಯಾಕ್ರಿ ಅವ್ವಾರ, ಹೊಗಿ ಬರತದೇನು?” ಎಂದು ನಾನು ಕೇಳಿದೆ.

“ಬರೂದಿಲ್ಲಪಾ, ಅದ ತಕರಾರ. ಮೊದಲ ನಾ ಪಡಸಾಲ್ಯಾಗ ಮಲಗಿದಲ್ಲೇ ಮೂಗಿಗೆ ಹೊಗಿ ಬಡಿತಿತ್ತು. ಸೊಸಿ ಎದ್ದಳು, ಒಲಿ ಹಚ್ಚಿದಳು ಅಂತ ತಿಳೀತಿತ್ತು. ಈಗ ಅಕಿ ಎದ್ದಾಳೋ, ಇನ್ನಾ ಬಿದ್ದಾಳೋ, ಒಂದೂ ಗೊತ್ತಾಗವಲ್ದು. ನಾನ ಎದ್ದ ಹೋಗಿ ನೋಡಬೇಕಾಗ್ಯದ!”

ಪಾಪ, ಈ ವಯಸ್ಸಿನಲ್ಲಿ ಅಜ್ಜಿ ನಸುಕಿನಲ್ಲಿ ಏಳುವುದೆಂದರೇನು ಎಂದು ನಾನು ಮರುಗುತ್ತಿದ್ದೆ. ಮಿಸ್ತ್ರಿಯವರು ಬಹಳ ವಿನಯದಿಂದ ಹೇಳಿದರು: “ಎದ್ದೀರಿ ಅಂದ ಮ್ಯಾಲ, ಅವ್ವಾರ, ಒಲಿನೂ ನೀವ ಹಚ್ಚಿಬಿಡ್ರಿ.”

ಬೋರಾಮಣಿಯ ಮುತ್ಯಾ

ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಯಾರ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತದೆ, ಯಾರದರಿಂದ ಇಲ್ಲ ಎಂಬುದನ್ನು ನೆರೆಯವರು ನೋಡದೆಯೇ ನೋಡಿರುತ್ತಾರೆ. ಹೊಗೆ ಇಲ್ಲದಿದ್ದರೆ ಒಲೆ ಹಚ್ಚಿಲ್ಲ, ಒಲೆ ಹಚ್ಚಿಲ್ಲವೆಂದರೆ ಆ ಮನೆಯಲ್ಲಿ ಸಾವಾಗಿದೆ. ಸತ್ತ ಮನೆಯಲ್ಲಿ ಅಡುಗೆ ಮಾಡುವುದಿಲ್ಲ, ಓಣಿಯವರೇ ರೊಟ್ಟಿ ಒಯ್ಯಬೇಕು.

ಬೋರಾಮಣಿಯ ಒಂದು ಮನೆಯಲ್ಲಿ ಒಲೆ ಕಟ್ಟಿ, ಕೊಳವೆಯನ್ನು ಹೊಲದ ಕಡೆಯ ಹಿಂಗೋಡೆಗೆ ಹಾಯಿಸಿದ್ದೆವು. ಆ ಮನೆಯಲ್ಲಿ ಒಬ್ಬ ಮುತ್ಯಾ ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದ. ಹಿಂದಿನ ದಿನ ಮೊದಲ ರೊಟ್ಟಿ ಆಯಿತು. ಮರುದಿನ ಬೆಳಿಗ್ಗೆ ಒಲೆ ಹೇಗೆ ನಡೆದಿದೆ ನೋಡೋಣವೆಂದು ನಾನೂ ಮಿಸ್ತ್ರಿಯವರೂ ಹೋಗುವುದಕ್ಕೂ, ಓಣಿಯ ಹೆಂಗಸರೆಲ್ಲ ತಲೆಯ ಮೇಲೆ ರೊಟ್ಟಿ ಬುಟ್ಟಿ, ಝುಣಕದ ಗಂಗಾಳ ಹೊತ್ತು ಹಾಡಿಕೊಂಡು ಅಳುತ್ತ ಒಳಗೆ ಬರುವುದಕ್ಕೂ ಸರಿಹೋಯಿತು. ಮನೆಯವರು ಗಾಬರಿ. ಯಾರು ಸತ್ತರು? ಹೊಲಕ್ಕೆ ಹೋದ ಮಗನಿಗೇನಾದರೂ ಆಯಿತೇ? ಸೊಸೆಯೂ ಎದೆ ಬಡಿದುಕೊಂಡು ಅಳತೊಡಗಿದಳು. ಅವಳು ಅತ್ತದ್ದು ನೋಡಿ ಬಂದವರಿಗೆ ಖಾತ್ರಿಯಾಯಿತು.

ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಪಕ್ಕದ ಹೊಲದ ಮುದುಕಿ. ಹೊಲದ ಬದುವಿನ ಸಲುವಾಗಿ ಮುತ್ಯಾನ ಜೊತೆ ಜನ್ಮವಿಡೀ ಜಗಳಾಡಿದವಳು. “ಬದುವಿನ ಮ್ಯಾಲ ಒಂದ ಹುಲ್ಲಕಡ್ಡಿ ಮುಟ್ಟಲಿಲ್ಲೋ ಯಪ್ಪಾ, ನಿನ್ನಂಥಾ ನ್ಯಾಯವಂತ ಎಲ್ಲ್ಯದಾನೋ!” ಎಂದು ರಾಗ ಎಳೆದಳು.

ಒಳಗಿನ ಹೊರಸಿನಿಂದ ದನಿ ಬಂತು: “ಏ ಗಂಗವ್ವಾ, ಇನ್ನೊಮ್ಮಿ ಅನ್ನು. ಸರಪಂಚನ್ನ ಕರಸತೀನಿ, ಅವನ ಮುಂದ ಅನ್ನು.”

ಬುಟ್ಟಿಗಳು ಕೈಯಿಂದ ಜಾರಿದವು. ಆಮೇಲೆ ಎಲ್ಲರೂ ಕೂತು ನಕ್ಕದ್ದೇ ನಕ್ಕದ್ದು. ಬಂದ ರೊಟ್ಟಿ ಝುಣಕವನ್ನು ಮುತ್ಯಾ ಬಹು ದಿನಗಳ ಮೇಲೆ ಎದ್ದು ಕೂತು ಉಂಡ. ಮೀಸೆ ಒರೆಸಿಕೊಂಡು ಸೊಸೆಗೆ, “ನಾಳಿಗೂ ಹೊಗಿ ಕಾಣಸಬ್ಯಾಡವಾ” ಎಂದು ಅಪ್ಪಣೆ ಮಾಡಿದ.

ತಿರುಗಿ ಬರುವಾಗ ಎಸ್‌ಟಿ ಬಸ್ಸಿನಲ್ಲಿ ನಾನಿನ್ನೂ ನಗುತ್ತಲೇ ಇದ್ದೆ. ಮಿಸ್ತ್ರಿಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಅಂದರು: “ಅಕಿ ಹ್ವಾದ ದಿವಸ ನಮ್ಮನ್ಯಾಗೂ ಒಲಿ ಹಚ್ಚಲಿಲ್ಲ. ಹೊಗಿ ಇಲ್ಲದ ಮನಿ ಹೆಂಗಿರತದಂತ ನಾ ಅವತ್ತ ನೋಡಿದೆ, ಕಾರಕೂನ ಸಾಹೇಬ್ರ. ಎಷ್ಟ ಹಗುರ ಇತ್ತು ಮನಿ. ಒಂದ ದಿವಸರೆ ಅಕಿ ಅಂಥಾ ಮನ್ಯಾಗ ಕುಂತಿದ್ದರ ಅನಿಸ್ತು.”

ನಾನು ನಗುವುದನ್ನು ನಿಲ್ಲಿಸಿದೆ.

ಎರಡು ಶಾಸ್ತ್ರದ ನಡುವೆ

ಊರ ಮಂದಿಗೆಲ್ಲ ಒಲೆ ಕಟ್ಟಿದ ಮಿಸ್ತ್ರಿಯವರ ಮಗಳ ಮನೆಯಲ್ಲಿ ಮಾತ್ರ ಹಳೆಯ ಒಲೆಯೇ ಹೊಗೆಯುತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗೆ. ಕಾರಣ ಕೇಳಿದರೆ ನೀವು ನಗುತ್ತೀರಿ. ನಾನೂ ಮೊದಲು ನಕ್ಕಿದ್ದೆ.

ಹೆಣ್ಣು ಕೊಟ್ಟ ತಂದೆ ಮೊಮ್ಮಗುವಿನ ಮುಖ ನೋಡುವತನಕ ಮಗಳ ಮನೆಯಲ್ಲಿ ಉಣ್ಣಬಾರದು. ಇದು ನಿಜವಾದ ಹಳೆಯ ಪದ್ಧತಿ, ಮಿಸ್ತ್ರಿಯವರ ಅಜ್ಜನದಲ್ಲ. ಅವರು ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೆಂದರೆ, ಚಪಳಗಾಂವಕ್ಕೆ ಹೋದರೆ ಮಗಳ ಮನೆಯ ನೀರನ್ನೂ ಮುಟ್ಟದೆ ಊರ ಬಾವಿಯಲ್ಲಿ ಕುಡಿದು ಬರುತ್ತಿದ್ದರು.

ಆ ವರ್ಷ ಮಗಳು ಬಸುರಿಯಾದಳು. ಮಿಸ್ತ್ರಿಯವರ ಕಾಲು ನೆಲಕ್ಕೆ ಊರಲೇ ಇಲ್ಲ. ಕೂಸಿಗೆ ಬೆಳ್ಳಿ ಉಡಿದಾರ ಮಾಡಿಸಿದರು. ತೊಟ್ಟಿಲ ದಿನ ಮಗಳ ಕೈಯ ರೊಟ್ಟಿ ಉಂಡು, ಅವತ್ತೇ ಮಣ್ಣು ಕಲಸಿ ಒಲೆಗೆ ಕೈ ಹಚ್ಚುತ್ತೇನೆಂದು ಆಫೀಸಿನ ಸಿಪಾಯಿಗೂ ಹೇಳಿದ್ದರು. ಕೂಸು ತೊಟ್ಟಿಲ ತನಕ ಉಳಿಯಲಿಲ್ಲ. ಹೋಗಿ ಮಣ್ಣು ಮಾಡಿ, ನೀರೂ ಕುಡಿಯದೆ ತಿರುಗಿ ಬಂದರು. ಉಡಿದಾರ ಅವರ ಜೇಬಿನಲ್ಲೇ ಇತ್ತು. ನನ್ನ ಮುಂದೆ ಕೂತು, “ಈಗ ಮತ್ತ ಮೊದಲಿಂದ” ಎಂದಷ್ಟೇ ಅಂದರು. ನಾನು ಚಹಾ ತರಿಸಿದೆ. ಅವರು ಕುಡಿಯಲಿಲ್ಲ.

ಪಂಚಮಿಗೆ ಮಗಳು ಅಕ್ಕಲಕೋಟಕ್ಕೆ ಬಂದಾಗ ಕೆಮ್ಮು ಹೆಚ್ಚಾಗಿತ್ತು. ಎರಡು ಮಾತು ಆಡಿದರೆ ಮೂರನೆಯದು ಕೆಮ್ಮು. ನಕ್ಕರಂತೂ ಆ ನಗು ಕೆಮ್ಮಾಗಿಯೇ ಮುಗಿಯುತ್ತಿತ್ತು. ಅದಕ್ಕೇ ಅವಳು ನಗುವುದನ್ನೇ ಬಿಟ್ಟಿದ್ದಳು. ಇನ್ನು ತಡೆಯಬಾರದೆಂದು ಮಿಸ್ತ್ರಿಯವರು ನನ್ನನ್ನು ಕರೆದುಕೊಂಡು ಚಪಳಗಾಂವಕ್ಕೆ ಹೋದರು. ಬೀಗಿತಿ, ಅಂದರೆ ಮಗಳ ಅತ್ತೆ, ಕೆಟ್ಟವಳೇನಲ್ಲ. ಸೊಸೆಯ ಮೇಲೆ ಜೀವ ಇಟ್ಟಿದ್ದಳು. ಆದರೆ ಶಾಸ್ತ್ರವೆಂದರೆ ಬಂಡೆಗಲ್ಲು.

“ಒಲಿ ಕಟ್ಟಿ ಹೋಗತೀನ್ರಿ, ಅಕ್ಕಾರ” ಅಂದರು ಮಿಸ್ತ್ರಿಯವರು.

“ಕಟ್ಟಿ ಮೊದಲನೇ ರೊಟ್ಟಿ ಉಣತೀರೇನು?”

“ಅದ್ಹೆಂಗ ಉಣಲಿ? ಹೆಣ್ಣ ಕೊಟ್ಟೀನಿ.”

“ಉಣಲಿಲ್ಲಂದ್ರ ಒಲಿ ಮನಿ ಹಿಡಿಯೂದಿಲ್ಲ. ಉಂಡರ ಹೆಣ್ಣ ಕೊಟ್ಟವರಿಗೆ ದೋಷ. ಒಂದ ಕೂಸ ಕಳಕೊಂಡೀವಿ ಬೀಗರ, ಇನ್ನೊಂದ ದೋಷ ಮನಿಗೆ ತರೂದ ಬ್ಯಾಡ.”

ಮಿಸ್ತ್ರಿಯವರು ತಲೆ ಕೆರೆದುಕೊಂಡು ಕಡೆಗೆ ಸತ್ಯ ಹೇಳಿಬಿಟ್ಟರು. “ಅಕ್ಕಾರ, ಆ ಮೊದಲನೇ ರೊಟ್ಟಿ ಶಾಸ್ತ್ರ ಸುಳ್ಳರಿ. ಅದನ್ನ ನಾನ ಮಾಡಿದ್ದು, ಹ್ವಾದ ವರ್ಷ.”

ಬೀಗಿತಿ ಅವರನ್ನು ಕನಿಕರದಿಂದ ನೋಡಿದಳು. “ನೀವು ಹುಟ್ಟೂಕಿಂತ ಮೊದಲಿಂದೈತಿ ಆ ಶಾಸ್ತ್ರ. ನಮ್ಮತ್ತಿನೂ ಹೇಳತಿದ್ದಳು.”

ನಾನು ಸಾಕ್ಷಿ ನುಡಿದೆ, ಪ್ರಯೋಜನವಾಗಲಿಲ್ಲ. ಹಾಗಾದರೆ ಶಿಷ್ಯನೊಬ್ಬನಿಂದ ಕಟ್ಟಿಸೋಣ ಎಂದರೆ ಅವಳಿಗೆ ಅವಮಾನವಾಯಿತು: “ಮಂದಿ ಮನಿಗೆಲ್ಲಾ ನಿಮ್ಮ ಕೈ, ಮಗಳ ಮನಿಗೆ ಶಿಷ್ಯನ ಕೈಯೇನು?” ಮಾಡಿದ್ದುಣ್ಣೋ ಮಹರಾಯ ಎಂದು ಲೋಕ ಹೇಳುತ್ತದೆ. ನಮ್ಮ ಮಿಸ್ತ್ರಿಯವರಿಗೆ ಮಾಡಿದ್ದನ್ನು ಉಣ್ಣಲಿಕ್ಕೂ ಆಗಲಿಲ್ಲ. ಒಳಗಿನಿಂದ ಮಗಳ ಕೆಮ್ಮು ಕೇಳುತ್ತಿತ್ತು, ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು.

ಪರೀಕ್ಷೆ

ಆಮೇಲೆ ಪತ್ರ ಬಂತು. ಮುಂದಿನ ವರ್ಷದಿಂದ ಅನುದಾನ ಇಲ್ಲ. ಅದಕ್ಕೆ ಮೊದಲು ಪುಣೆಯಿಂದ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ. ಕಲಿತವರು ಬಳಕೆಯ ಮನೆಯಲ್ಲೇ ಒಲೆ ಕಟ್ಟಿ ತೋರಿಸಬೇಕು, ಕಲಿಸಿದವರು ಆ ಮನೆಯ ಹೊಸ್ತಿಲು ದಾಟಬಾರದು. ಗ್ರಾಂಟು ನಿಂತರೆ ನಮ್ಮ ಕೊಳವೆಯೂ ಇಲ್ಲ, ಮಿಸ್ತ್ರಿಯವರ ಕೆಲಸವೂ ಇಲ್ಲ. ಮಗಳ ಮನೆಗೆ ಒಲೆ ಈಗ ಆಗಬೇಕು, ಇಲ್ಲವಾದರೆ ಎಂದೂ ಇಲ್ಲ.

ನಾನು ಒಬ್ಬನೇ ಚಪಳಗಾಂವಕ್ಕೆ ಹೋಗಿ ಬೀಗಿತಿಯ ಮುಂದೆ ಕೂತೆ. “ಪುಣೇದಿಂದ ದೊಡ್ಡ ಸಾಹೇಬರು ಬರಾಕತ್ತ್ಯಾರ. ಇಡೀ ತಾಲೂಕಿನ್ಯಾಗ ಪರೀಕ್ಷಾಕ್ಕ ಒಂದ ಮನಿ ಆರಸಬೇಕಾಗ್ಯದ” ಅಂದೆ. ಅವಳ ಕಣ್ಣು ಅರಳಿದವು. “ಸಾಹೇಬರು ನಮ್ಮ ಅಡಗಿ ಮನಿಗೆ?” ಅಂದಳು. ಶಿಷ್ಯನ ಕೈಯ ಅವಮಾನ ಅಲ್ಲಿಗೆ ಮುಗಿಯಿತು.

ಯಾರು ಕಟ್ಟಬೇಕೆಂದು ಸಾಹೇಬರು ಚೀಟಿ ಎತ್ತಿಸಿದರು. ಗಿರಣಿಯವನ ಹೆಸರು ಬಂತು. ಮಿಸ್ತ್ರಿಯವರು ಹಣೆ ಹಣೆ ಬಡಿದುಕೊಂಡರು. “ಇಷ್ಟ ಮಂದ್ಯಾಗ ದೇವರಿಗೆ ಇವನ ಕಂಡನೇನು?”

ಬೀಗಿತಿ ಸಾರಿಸಿ ರಂಗೋಲಿ ಹಾಕಿದ್ದಳು. ಗಿರಣಿಯವ ಒಳಗೆ, ಮಿಸ್ತ್ರಿಯವರು ಓಣಿಯ ಕಡೆಯ ಕಟ್ಟೆಯ ಮೇಲೆ. ನಡುವೆ ಒಂದು ಗೋಡೆ. ಒಳಗೆ ಮಣ್ಣು ಬೀಳುವ ಸಪ್ಪಳ ಕೇಳಿಯೇ ಇವರು, “ಎಡಕ್ಕ! ಎಡಕ್ಕ ಹಾಕಲೇ!” ಎಂದು ಕೂಗಿದರು. ಸಾಹೇಬರು ಹೊರಗೆ ಬಂದು, ಪರೀಕ್ಷೆ ನಡೆದಿದೆ, ಬಾಯಿ ಮುಚ್ಚಿಕೊಂಡಿರಬೇಕು ಎಂದು ಗದರಿಸಿ ಹೋದರು.

ಕಟ್ಟೆಯ ಹತ್ತಿರ ಒಂದು ಆಡನ್ನು ಕಟ್ಟಿದ್ದರು. ಮಿಸ್ತ್ರಿಯವರು ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಗಂಟಲು ಬಿಚ್ಚಿ ಆಡಿಗೆ ಬೈಯತೊಡಗಿದರು: “ಏ ಆಡಾ, ಎಡಕ್ಕ ಸರಿ! ಬಾಯಿ ಅಷ್ಟ ಅಗಲ ತಗೀಬ್ಯಾಡ, ಸಣ್ಣದ ಮಾಡು! ಹಾಂ, ಈಗ ಹಿಂದ ಏರಿಸ್ಕೋತ ಹೋಗು!” ಆಡು ದಿಗ್ಭ್ರಮೆಯಿಂದ ಅವರನ್ನೇ ನೋಡುತ್ತಿತ್ತು. ಒಳಗೆ ಗಿರಣಿಯವ ಆಡಿಗೆ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ತೊಂದರೆ ಆದದ್ದು ಕಡೆಗೆ. ಆಡು ನಿಜವಾಗಿಯೂ ಹಗ್ಗ ಎಳೆದುಕೊಂಡು ಕಟ್ಟೆ ಹತ್ತಲಿಕ್ಕೆ ಬಂದಾಗ ಮಿಸ್ತ್ರಿಯವರು, “ಕೆಳಗ! ಕೆಳಗ! ಮ್ಯಾಲ ಬರಬ್ಯಾಡ!” ಎಂದು ಕೂಗಿದರು. ಆ ಹೊತ್ತಿಗೆ ಗಿರಣಿಯವ ಕೊಳವೆಗೆ ಗೋಡೆಯಲ್ಲಿ ತೂತು ಕೊರೆಯುತ್ತಿದ್ದ. ತೂತು ಕೆಳಗೇ ಬಂತು. ಮಾಳಿಗೆಯ ಮೇಲೆ ಏರಬೇಕಾದ ಕೊಳವೆ, ಕಟ್ಟೆಯ ಮೇಲೆ ಕೂತವರ ತಲೆಯ ಮಟ್ಟಕ್ಕೆ ಓಣಿಗೆ ಬಾಯಿ ತೆರೆಯಿತು.

ಸಾಹೇಬರು ಹೊರಗೆ ಬಂದು ಅದನ್ನು ನೋಡಿದರು, ಆಡನ್ನು ನೋಡಿದರು. “ಮಿಸ್ತ್ರಿ, ನಿಮ್ಮ ಆಡು ನಾಪಾಸು” ಅಂದರು. “ಒಳಗೆ ಹೊಗೆ ನಿಲ್ಲದಿದ್ದರೆ ಮಾತ್ರ ಹುಡುಗನನ್ನು ಪಾಸು ಮಾಡುತ್ತೇನೆ.” ಗಿರಣಿಯವನಿಗೆ ಆಗಲೇ ಇಬ್ಬರು ಮೊಮ್ಮಕ್ಕಳಿದ್ದರು.

ಮಣ್ಣು ಆರಲಿಕ್ಕೆ ಒಂದು ವಾರ ಬಿಟ್ಟು ಮತ್ತೆ ಎಲ್ಲರೂ ಕೂಡಿದೆವು. ಮಗಳು ಒಲೆಗೆ ಕುಂಕುಮ ಹಚ್ಚಿ, ತೊಗರಿ ಕಟ್ಟಿಗೆ ಇಟ್ಟು ಹೊತ್ತಿಸಿದಳು. ನಾನೂ ಸಾಹೇಬರೂ ಬೀಗಿತಿಯೂ ಉಸಿರು ಹಿಡಿದು ನಿಂತಿದ್ದೆವು. ಹೊಗೆ ಒಮ್ಮೆ ಒಲೆಯ ಬಾಯಿಗೆ ಬಂದು, ಏನೋ ಮರೆತವರ ಹಾಗೆ ತಿರುಗಿ ಒಳಗೆ ಹೋಯಿತು. ಆಮೇಲೆ ಬರಲಿಲ್ಲ. ಅಡುಗೆ ಮನೆಯಲ್ಲಿ ಮಗಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ರೊಟ್ಟಿ ತಟ್ಟುವ ಸಪ್ಪಳ ಗೋಡೆಯಾಚೆ ಅಪ್ಪನಿಗೂ ಕೇಳಿಸಿರಬೇಕು.

ಶಾಸ್ತ್ರದ ಪ್ರಕಾರ ಗಿರಣಿಯವ ಮೊದಲ ರೊಟ್ಟಿ ಉಂಡು, ಕೈ ತೊಳೆದುಕೊಂಡು ಹೊರಗೆ ಬಂದ. ನಾನೂ ಹಿಂದೆಯೇ ಬಂದೆ.

“ಹೆಂಗಿತ್ತೋ ರೊಟ್ಟಿ?” ಎಂದು ಮಿಸ್ತ್ರಿಯವರು ಕೇಳಿದರು.

“ಛಲೋ ಇತ್ರಿ.”

“ಛಲೋ ಅಂದ್ರ? ಬಾಯಾಗ ನಾಲಗಿ ಅದನೋ, ಮಣ್ಣ ಮೆತ್ತೂ ಥಾಪಿ ಅದನೋ? ತೆಳ್ಳಗಿತ್ತೇನು? ಅಂಚ ಸುಟ್ಟಿತ್ತೇನು?”

ಗಿರಣಿಯವ ಬಹಳ ಯೋಚಿಸಿ, “ಒಂದ ಕಡಿ ಸ್ವಲ್ಪ ಸುಟ್ಟಿತ್ರಿ” ಅಂದ.

ಮಿಸ್ತ್ರಿಯವರು ಕಣ್ಣು ಮುಚ್ಚಿದರು. “ಅವರವ್ವನೂ ಹಂಗ ಮಾಡತಿದ್ದಳು. ಒಂದ ಕಡಿ ಸುಡತಿದ್ದಳು. ನಾ ಬೈತಿದ್ದೆ.”

ಅಷ್ಟರಲ್ಲಿ ಸಾಹೇಬರೂ ಬಂದರು. ಮಿಸ್ತ್ರಿಯವರು ಸರಿಯಾಗಿ ಕೊಳವೆಯ ಬಾಯಿಯ ಮುಂದೆಯೇ ಕೂತಿದ್ದರು. ಹೊಗೆಯೆಲ್ಲ ಅವರ ಮುಖದ ಮೇಲೆ. ಕಣ್ಣು ಕೆಂಪಾಗಿ ಧಾರೆ ಇಳಿಯುತ್ತಿತ್ತು, ನಡುನಡುವೆ ಕೆಮ್ಮು. ಕಟ್ಟೆ ಇಷ್ಟುದ್ದ ಖಾಲಿ ಇತ್ತು.

“ಅಹೋ ಮಿಸ್ತ್ರಿ, ಅಲ್ಯಾಕ ಕುಂತೀರಿ? ಈಚಿ ಕಡಿ ಬರ್ರಿ. ಆ ಕೊಳವಿ ನಾಳೆನ ಮ್ಯಾಲ ಏರಸೋಣು” ಅಂದರು ಸಾಹೇಬರು.

“ಏರಸಬ್ಯಾಡ್ರಿ ಸಾಹೇಬ್ರ. ನಾ ಈ ಮನಿಗೆ ಬಂದು ಹೋಗಿ ಮಾಡೂತನಕ ಅಲ್ಲೇ ಇರಲಿ” ಅಂದರು ಮಿಸ್ತ್ರಿಯವರು, ಜಾಗ ಬಿಟ್ಟು ಏಳದೆ. “ಮಗಳ ಮನ್ಯಾಗ ಉಣಬಾರದಂತ ಶಾಸ್ತ್ರ ಅದ. ಆಕಿ ಅಡಗಿ ಹೊಗಿ ತಗೋಬಾರದಂತ ಎಲ್ಲೂ ಇಲ್ಲ.”

ಬಾಗಿಲಲ್ಲಿ ನಿಂತ ಬೀಗಿತಿ ಬಿಡುವವಳಲ್ಲ. “ಇದೂ ಹ್ವಾದ ವರ್ಷ ನೀವ ಮಾಡಿದ ಶಾಸ್ತ್ರೇನು ಬೀಗರ?” ಅಂದಳು.

ಸಾಹೇಬರು ನಕ್ಕರು, ನಾನು ನಕ್ಕೆ, ಗಿರಣಿಯವ ಓಣಿ ಅದುರುವ ಹಾಗೆ ನಕ್ಕ. ಅಡುಗೆ ಮನೆಯಲ್ಲಿ ಮಗಳೂ ನಕ್ಕಳು. ಕೊಳವೆಯೊಳಗಿಂದ ಆ ನಗು ಹೊಗೆಯ ಜೊತೆ ಹೊರಗೆ ಬಂತು. ಮಿಸ್ತ್ರಿಯವರು ಒಮ್ಮೆಲೇ ಕೈ ಎತ್ತಿ, “ಸುಮ್ಮಕಿರ್ರಿ ಎಲ್ಲಾರೂ!” ಅಂದರು. ನಾವು ಸುಮ್ಮನಾದೆವು. ಅವರು ಕೊಳವೆಗೆ ಕಿವಿ ಹಚ್ಚಿ ಕೇಳುತ್ತ ಕೂತರು. ನಗು ಎಷ್ಟೋ ಹೊತ್ತು ನಡೆದು, ತಾನಾಗಿಯೇ ನಿಂತಿತು.

ಆ ದಿನ ಆ ಮನೆಯಲ್ಲಿ ಕೆಮ್ಮಿದವರು ಮಿಸ್ತ್ರಿಯವರೊಬ್ಬರೇ.